ನಾಯಿಯ ನಂಟರು

ಹೆಸರಿಡುವುದು ಸುಲಭ, ಇಟ್ಟ ಹೆಸರು ತಕ್ಕದ್ದೆ ಎಂದು ವಿಚಾರ ಮಾಡುವುದು ಕಷ್ಟ. ನಮ್ಮ ಹಿರಿಯರು ಪ್ರಾಣಿಗಳಿಗೆ ಹೆಸರಿಡುವಾಗ ಬಹುಮಟ್ಟಿಗೆ ಕಣ್ಣನ್ನೇ ನಂಬಿದರು. ಅಡವಿಯಲ್ಲಿ ಹಿಂಡು ಕಟ್ಟಿಕೊಂಡು ಜಿಂಕೆಯನ್ನು ಬೆನ್ನಟ್ಟುವ ಕೆಂಬಣ್ಣದ ಮೃಗ ನಾಯಿಯಂತೆ ಕಂಡಿತು. ಅದು ಕಾಡುನಾಯಿಯಾಯಿತು, ಕೆನ್ನಾಯಿಯಾಯಿತು. ಹೊಳೆಯಲ್ಲಿ ಮುಳುಗಿ ಮೀನು ಹಿಡಿಯುವ ಜಂತುವಿನ ಮೋರೆಯಲ್ಲಿ ನಾಯಿಯ ಛಾಯೆ ಕಂಡಿತು, ಅದು ನೀರುನಾಯಿಯಾಯಿತು. ಆದರೆ ಇರುಳಿನಲ್ಲಿ ಊರಂಚಿಗೆ ಬಂದು ಸತ್ತ ದನದ ಎಲುಬನ್ನು ಕಟಕಟನೆ ಕಡಿಯುವ, ಮುಂಗಾಲು ಎತ್ತರವಾಗಿ ಬೆನ್ನು ಇಳಿಜಾರಾದ, ಮೈಮೇಲೆ ಪಟ್ಟೆಗಳುಳ್ಳ ಪ್ರಾಣಿಗೆ, ಚಹರೆಯೆಲ್ಲ ನಾಯಿಯದೇ ಎನ್ನುವಂತಿದ್ದರೂ, ಅವರು ನಾಯಿಯ ಹೆಸರನ್ನು ಕೊಡಲಿಲ್ಲ; ಕತ್ತೆಕಿರುಬ ಎಂದು ಬೇರೆಯಾಗಿಯೇ ಕರೆದರು. ಇನ್ನು ಮನೆಯ ಮುಂದೆ ಬಾಲವಾಡಿಸುವ ನಾಯಿಗೆ ಎಲ್ಲಕ್ಕಿಂತ ಹತ್ತಿರದ ರಕ್ತಸಂಬಂಧಿಯಾದ ಪ್ರಾಣಿಗಂತೂ ನಾಯಿಯ ಸುಳಿವೇ ಇಲ್ಲದ ಹೆಸರು: ತೋಳ.

ಹಾಗಾದರೆ ನಾಯಿಯ ನಿಜವಾದ ನಂಟರು ಯಾರು, ನಂಟರಂತೆ ತೋರುವವರು ಯಾರು? ಈ ಪ್ರಶ್ನೆ ಕೇವಲ ಪಂಡಿತರ ಕುತೂಹಲವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದನ್ನು ತೋರಿಸುವುದೇ ನನ್ನ ಉದ್ದೇಶ. ರೂಪವನ್ನು ನೋಡಿ ಮಾಡಿದ ವಿಂಗಡಣೆ ಪುಸ್ತಕದಲ್ಲಿದ್ದರೆ ಮುಂದಿನ ಪಂಡಿತನೊಬ್ಬ ಅದನ್ನು ತಿದ್ದುತ್ತಾನೆ. ಆದರೆ ಅಂಥದೇ ವಿಂಗಡಣೆ ಸರಕಾರದ ಕಡತದಲ್ಲಿದ್ದರೆ, ತಿದ್ದುವಷ್ಟರಲ್ಲಿ ಒಂದು ಪ್ರಾಣಿ ತನ್ನ ನೆಲವನ್ನೇ ಕಳೆದುಕೊಂಡಿರುತ್ತದೆ.

ನಿಘಂಟಿನ ವಿಂಗಡಣೆ

ಪ್ರಾಣಿಗಳನ್ನು ವಿಂಗಡಿಸುವ ಹಂಬಲ ಹೊಸದಲ್ಲ. ಹಿಂದೆ ಐಗಳ ಮಠಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಿದ್ದ ಅಮರಕೋಶವನ್ನೇ ತೆರೆದು ನೋಡಬಹುದು. ಅದರ ಸಿಂಹಾದಿವರ್ಗದಲ್ಲಿ ಸಿಂಹ, ಹುಲಿ, ಕರಡಿಗಳೊಡನೆ ತೋಳವೂ ನರಿಯೂ ಬರುತ್ತವೆ. ತೋಳಕ್ಕೆ ಕೋಕ, ಈಹಾಮೃಗ, ವೃಕ ಎಂದು ಮೂರು ಹೆಸರು. ನರಿಗೆ ಹತ್ತು, ಅವುಗಳಲ್ಲಿ ಭೂರಿಮಾಯ, ಮೃಗಧೂರ್ತಕ, ವಂಚಕ ಎಂಬುವು ಹೆಸರುಗಳೆನ್ನುವುದಕ್ಕಿಂತ ಅದರ ನಡತೆಯ ಮೇಲೆ ಕೊಟ್ಟ ತೀರ್ಪುಗಳು. ಆದರೆ ನಾಯಿ ಈ ವರ್ಗದಲ್ಲಿಲ್ಲ. ಅದನ್ನು ಕಾಣಬೇಕಾದರೆ ಮನುಷ್ಯರ ಕಸುಬುಗಳನ್ನು ಹೇಳುವ ಶೂದ್ರವರ್ಗಕ್ಕೆ, ಬೇಟೆಯ ಮಾತು ಬರುವಲ್ಲಿಗೆ ಹೋಗಬೇಕು. ಅಮರಸಿಂಹ ಕೇಳಿಕೊಂಡ ಪ್ರಶ್ನೆ, ಈ ಪ್ರಾಣಿ ಯಾರ ವಂಶದ್ದು ಎಂಬುದಲ್ಲ. ಇದು ಎಲ್ಲಿರುತ್ತದೆ, ಯಾರ ಕೆಲಸಕ್ಕೆ ಬರುತ್ತದೆ ಎಂಬುದು. ನಿಘಂಟಿಗೆ ಅಷ್ಟು ಸಾಕು.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. 11ನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ ಕರಟಕ ದಮನಕರು ನರಿಗಳು. ದ್ರಾಕ್ಷಿ ಹುಳಿಯೆಂದು ಹೊರಟುಹೋದ ಪ್ರಾಣಿಯೂ ನಮ್ಮ ಪಾಠಪುಸ್ತಕಗಳಲ್ಲಿ ನರಿಯೇ. ಮೊದಲನೆಯದು ಸಂಸ್ಕೃತದ ಸೃಗಾಲ. ಎರಡನೆಯದು ಗ್ರೀಸಿನ ಈಸೋಪನ ಕಥೆಯೊಡನೆ ಬಂದ ಬೇರೊಂದು ಪ್ರಾಣಿ. ಎರಡಕ್ಕೂ ಒಂದೇ ಶಬ್ದ ದುಡಿಯಬೇಕಾಯಿತು. ನಮ್ಮ ಬಯಲುಸೀಮೆಯಲ್ಲಿ ಈ ಎರಡು ಬಗೆಯವೂ ಇವೆ. ಸಂಜೆಯಾಗುತ್ತಲೆ ಊಳಿಡುವುದು ದೊಡ್ಡ ನರಿ. ಬಾಲದ ತುದಿ ಕಪ್ಪಾಗಿರುವ, ಇಲಿ ಮಿಡತೆಗಳನ್ನು ಹಿಡಿಯುತ್ತ ಬಿಲದಲ್ಲಿ ವಾಸಿಸುವ ಚಿಕ್ಕ ಪ್ರಾಣಿ ಇನ್ನೊಂದು. ಗುಳ್ಳೆನರಿಯೆಂಬ ಹೆಸರನ್ನು ಒಬ್ಬರು ದೊಡ್ಡದಕ್ಕೆ ಹೇಳಿದರೆ ಇನ್ನೊಬ್ಬರು ಚಿಕ್ಕದಕ್ಕೆ ಹೇಳುತ್ತಾರೆ. ಆದಕಾರಣ ಇಲ್ಲಿ ನಾನು ಮೊದಲನೆಯದನ್ನು ನರಿಯೆಂದೂ ಎರಡನೆಯದನ್ನು ಸಣ್ಣ ನರಿಯೆಂದೂ ಕರೆಯುತ್ತೇನೆ.

ಕುರಿಗಾಹಿಯ ವಿಂಗಡಣೆ

ನಿಘಂಟಿನವರಿಗಿಂತ ಹೆಚ್ಚು ಎಚ್ಚರದಿಂದ ಈ ಪ್ರಾಣಿಗಳನ್ನು ಗುರುತಿಸುವ ಜನ ಬೇರೆ ಇದ್ದಾರೆ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲಿ ನೆಲೆಸಿರುವುದರಿಂದ ದೂರದ ವಿದ್ಯಾರ್ಥಿಗಳಿಗೂ ಈ ಊರ ಹೆಸರು ಪರಿಚಿತ. ಸುತ್ತಲೂ ತೊಗರಿ, ಜೋಳ ಬೆಳೆಯುವ ಕರಿಯ ಹೊಲಗಳು. ನಡುನಡುವೆ ನೇಗಿಲಿಗೆ ಒಗ್ಗದ ಕಲ್ಲುದಿಬ್ಬ, ಹುಲ್ಲು, ಕುರುಚಲು. ಆಳಂದ, ಅಫಜಲಪುರ, ಜೇವರ್ಗಿಗಳ ಈ ಸೀಮೆಯಲ್ಲಿ ತೋಳದ ಮಾತು ಬಾರದ ಹಿರಿಯ ಕುರಿಗಾಹಿಯನ್ನು ನಾನು ಕಂಡಿಲ್ಲ. ಪ್ರಾಣಿಶಾಸ್ತ್ರ ಕಲಿಸುವ ಕಸುಬಿನವನಾದ್ದರಿಂದ ಅಂಥವರನ್ನು ಕಂಡಾಗ ಮಾತಿಗೆ ನಿಲ್ಲುವುದು ನನ್ನ ರೂಢಿ. ಕಡಗಂಚಿಯ ಆಚೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬನನ್ನು ಒಮ್ಮೆ ಕೇಳಿದೆ: "ಮುತ್ಯಾ, ರಾತ್ರಿ ಕುರಿ ಹೋತಂದ್ರ, ಒಯ್ದದ್ದು ನಾಯೋ ತ್ವಾಳೋ ಅಂತ ಹ್ಯಾಂಗ ಗುರ್ತು ಹಿಡೀತೀರಿ?"

ಆತ ಹೇಳಿದ್ದು: "ನಾಯಿ ಬಂದ್ರ ಹತ್ತು ಕುರಿ ಕಚ್ಚಿ ಕೆಡವಿ ಹೋಗ್ತದ್ರಿ ಮಾಸ್ತರ. ತ್ವಾಳ ಹಂಗಲ್ಲ, ಸುಮ್ಮ ಬರ್ತದ, ಒಂದು ಒಯ್ತದ, ಸುಮ್ಮ ಹೋಗ್ತದ. ಕತ್ತಿಕಿರುಬ ಜೀವಂತ ಕುರಿಗಿ ಬರೂದು ಕಡಿಮಿ. ಅದು ಸತ್ತದ್ದು ಹುಡುಕ್ಕೋತ ಬರ್ತದ."

ಇದೂ ಒಂದು ವರ್ಗೀಕರಣವೇ. ನಡೆಯನ್ನು ನೋಡಿ ಮಾಡಿದ್ದು. ಬದುಕಿಗೆ ಬೇಕಾದಷ್ಟು ನಿಖರವಾದದ್ದು. ಇದು ತಿಳಿಯದ ಕಡೆ ನಾಯಿ ಕೊಂದ ಕುರಿಯ ಅಪವಾದ ತೋಳದ ತಲೆಗೆ ಬರುತ್ತದೆ. ಆಮೇಲೆ ವಿಷವಿಟ್ಟ ಮಾಂಸದ ತುಂಡಿಗೆ ತೋಳ, ನರಿ, ಕಿರುಬ ಎಂಬ ಭೇದವಿರುವುದಿಲ್ಲ.

ಶಾಸ್ತ್ರದ ವಿಂಗಡಣೆ

ಈಗ ಪ್ರಾಣಿಶಾಸ್ತ್ರಕ್ಕೆ ಬರೋಣ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಮಹಾಶಯ ತನ್ನ ಪ್ರಸಿದ್ಧ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರತಿಯೊಂದು ಪ್ರಾಣಿಗೂ ಎರಡೆರಡು ಮಾತಿನ ಹೆಸರನ್ನು ಕೊಟ್ಟ. ಮೊದಲನೆಯ ಮಾತು ಜಾತಿಯದು, ಎರಡನೆಯದು ಪ್ರಭೇದದ್ದು. ನಾಯಿ ಕ್ಯಾನಿಸ್ ಫ್ಯಾಮಿಲಿಯಾರಿಸ್ ಆಯಿತು; ತೋಳ ಕ್ಯಾನಿಸ್ ಲೂಪಸ್, ನರಿ ಕ್ಯಾನಿಸ್ ಆರಿಯಸ್. ಅದೇ ಪಂಕ್ತಿಯಲ್ಲಿ ಕತ್ತೆಕಿರುಬವನ್ನೂ ಕೂರಿಸಿ ಕ್ಯಾನಿಸ್ ಹಯೇನ ಎಂದು ಹೆಸರಿಟ್ಟ. ನಮ್ಮ ಹಳ್ಳಿಗರು ಬೇರೆಯಿಟ್ಟ ಪ್ರಾಣಿಯನ್ನು ಯುರೋಪಿನ ಮಹಾಪಂಡಿತ ನಾಯಿಯ ಮನೆಗೆ ಸೇರಿಸಿದ್ದ! ಕೆಲವೇ ವರ್ಷಗಳಲ್ಲಿ, 1762ರಲ್ಲಿ, ಫ್ರಾನ್ಸಿನ ಬ್ರಿಸನ್ ಅದಕ್ಕೆ ಬೇರೊಂದು ಜಾತಿಯನ್ನು ಕಟ್ಟಿಕೊಟ್ಟ. ಆದರೆ ಅದು ಯಾರ ಕಡೆಯದು ಎಂಬ ಪ್ರಶ್ನೆ ಉಳಿಯಿತು.

ಉತ್ತರ ಸಿಕ್ಕಿದ್ದು ಯಾರ ಕಣ್ಣಿಗೂ ಬೀಳದ ಒಂದು ತಾವಿನಲ್ಲಿ. 1869ರಲ್ಲಿ ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹೆನ್ರಿ ಫ್ಲವರ್, ಮಾಂಸಾಹಾರಿ ಗಣದ ಪ್ರಾಣಿಗಳ ತಲೆಬುರುಡೆಗಳನ್ನು ಮಗುಚಿ ಹಾಕಿ ಅವುಗಳ ತಳವನ್ನು ಪರೀಕ್ಷಿಸಿದ. ನಡುಗಿವಿಯನ್ನು ಮುಚ್ಚಿಕೊಂಡು ಒಂದು ಗುಳ್ಳೆಯಂಥ ಎಲುಬು ಅಲ್ಲಿರುತ್ತದೆ. ಬೆಕ್ಕಿನಲ್ಲಿ ಈ ಗುಳ್ಳೆಯ ಒಳಗೆ ಅಡ್ಡಗೋಡೆಯೊಂದಿದ್ದು ಎರಡು ಕೋಣೆಗಳಾಗಿವೆ. ನಾಯಿಯಲ್ಲಿ ಅಂಥ ಪೂರ್ತಿ ಗೋಡೆಯಿಲ್ಲ. ಬುರುಡೆಯ ತಳದ ಇಂಥ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದಾಗ ಕತ್ತೆಕಿರುಬ ನಿಂತದ್ದು ಬೆಕ್ಕಿನ ಕಡೆಗೆ. ಇಂದಿನ ವಂಶವಾಹಿಗಳ ಅಧ್ಯಯನವೂ ಇದನ್ನೇ ಹೇಳುತ್ತದೆ. ಕತ್ತೆಕಿರುಬಕ್ಕೆ ಹತ್ತಿರದ ಬಂಧು ನಾಯಿಯಲ್ಲ, ನಮ್ಮ ಹೊಲದ ಬದುವಿನಲ್ಲಿ ಓಡುವ ಮುಂಗುಸಿ!

ಬುರುಡೆಯ ತಳದ ಒಂದು ಎಲುಬಿಗೆ ಇಷ್ಟು ಬೆಲೆ ಏಕೆಂದು ವಾಚಕರು ಕೇಳಬಹುದು. ಹಲ್ಲು ಉಣಿಸಿಗೆ ತಕ್ಕಂತೆ ಮಾರ್ಪಡುತ್ತದೆ. ಕಾಲು ಓಟಕ್ಕೆ ತಕ್ಕಂತೆ ಉದ್ದವಾಗುತ್ತದೆ. ಬಣ್ಣ ನೆಲಕ್ಕೆ ತಕ್ಕಂತೆ ತಿರುಗುತ್ತದೆ. ಒಂದೇ ಬಗೆಯ ಬದುಕನ್ನು ಬಾಳುವ ಬೇರೆ ಬೇರೆ ವಂಶದವುಗಳಿಗೆ ಒಂದೇ ಬಗೆಯ ರೂಪ ಬರುತ್ತದೆ. ಆದರೆ ಉಣಿಸಿಗೂ ಓಟಕ್ಕೂ ನೇರವಾಗಿ ಸಂಬಂಧವಿಲ್ಲದ ಅಂಗ, ತಲೆತಲಾಂತರದ ಗುಟ್ಟನ್ನು ಕಾಪಾಡಿಕೊಂಡು ಬರುತ್ತದೆ. ಹೊರಗಣ ವೇಷಕ್ಕಿಂತ ಹಳೆಯ ಪೆಟ್ಟಿಗೆಯೊಳಗಿನ ಕಾಗದಪತ್ರ ಮನೆತನದ ಚರಿತ್ರೆಯನ್ನು ಹೆಚ್ಚು ನಿಜವಾಗಿ ಹೇಳುವುದಿಲ್ಲವೆ? ಹಾಗೆಯೇ ಇದು.

ಈ ಹಾದಿಯಲ್ಲಿಯೇ ಮುಂದುವರಿದು ಹಂಗೇರಿಯ ಕ್ರೆಟ್ಸೋಯಿ ಎಂಬ ವಿದ್ವಾಂಸ ಇಡೀ ಗಣವನ್ನು ಎರಡು ಉಪಗಣಗಳಾಗಿ ವಿಂಗಡಿಸಿ ಹೆಸರಿಟ್ಟ. ಒಂದು ಕ್ಯಾನಿಫಾರ್ಮಿಯ, ಎಂದರೆ ನಾಯಿಯ ಮಾದರಿಯವು. ಇನ್ನೊಂದು ಫೆಲಿಫಾರ್ಮಿಯ, ಎಂದರೆ ಬೆಕ್ಕಿನ ಮಾದರಿಯವು. ಹುಲಿ, ಚಿರತೆ, ಪುನುಗುಬೆಕ್ಕು, ಮುಂಗುಸಿ, ಕತ್ತೆಕಿರುಬಗಳು ಎರಡನೆಯದರಲ್ಲಿವೆ. ಮೊದಲನೆಯದರಲ್ಲಿ ನಾಯಿಯ ಕುಟುಂಬದೊಡನೆ ಕರಡಿ, ಕಡಲಸಿಂಹ, ನೀರುನಾಯಿ, ಹಿಮಾಲಯದ ಕೆಂಪು ಪಾಂಡಾ ಮೊದಲಾದವು ಸೇರುತ್ತವೆ. ಬಳ್ಳಾರಿ ಸೀಮೆಯ ದರೋಜಿ ಗುಡ್ಡದ ಕರಡಿಯೂ, ತುಂಗಭದ್ರೆಯಲ್ಲಿ 2015ರಿಂದ ಮೀಸಲು ನೆಲೆ ಪಡೆದಿರುವ ನೀರುನಾಯಿಯೂ ಹೀಗೆ ನಾಯಿಗೆ ದೂರದ ಬಳಗವಾದವು. ಆಕಾರ ನೋಡಿ ಇಟ್ಟ ನೀರುನಾಯಿಯೆಂಬ ಹೆಸರು ಅದೃಷ್ಟವಶದಿಂದ ವಂಶಕ್ಕೂ ಹೊಂದಿತು. ಪ್ರತಿಸಲವೂ ಹೀಗೆ ಹೊಂದುವುದೆಂದು ನೆಚ್ಚುವಂತಿಲ್ಲ.

ಐದು ಕೋಟಿ ವರ್ಷದ ಪಯಣ

ಕಡಗಂಚಿಯ ಹೊಲದಡಿಯ ಕರಿಗಲ್ಲು ಬಸಾಲ್ಟ್ ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಪದರಪದರವಾಗಿ ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದು. ಆ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಅದಾದ ಮೇಲೆ, ದೈತ್ಯ ಹಲ್ಲಿಗಳಳಿದು ತೆರವಾದ ಲೋಕದಲ್ಲಿ, ಮರ ಹತ್ತಿ ಇಳಿದು ಹುಳುಹುಪ್ಪಟೆ, ಸಣ್ಣ ಪ್ರಾಣಿಗಳನ್ನು ತಿನ್ನುತ್ತಿದ್ದ ಚಿಕ್ಕ ಜಂತುಗಳು ತಲೆಯೆತ್ತಿದವು. ಶಾಸ್ತ್ರಜ್ಞರು ಅವನ್ನು ಮಯಾಸಿಡ್‌ಗಳೆನ್ನುತ್ತಾರೆ. ಅವುಗಳ ಬಾಯಲ್ಲಿ ಒಂದು ಹೊಸ ಉಪಕರಣವಿತ್ತು: ಮೇಲ್ದವಡೆಯ ಕೊನೆಯ ಮುಂದವಡೆಹಲ್ಲು, ಕೆಳದವಡೆಯ ಮೊದಲನೆಯ ದವಡೆಹಲ್ಲು, ಇವೆರಡೂ ಕತ್ತರಿಯ ಅಲಗುಗಳಂತೆ ಒಂದರ ಮೇಲೊಂದು ಜಾರುತ್ತವೆ. ನಾಯಿ ಮಾಂಸವನ್ನು ಬಾಯಿಯ ಪಕ್ಕಕ್ಕೆ ಸರಿಸಿಕೊಂಡು ತಲೆ ಓರೆಮಾಡಿ ಕಡಿಯುವುದನ್ನು ಎಲ್ಲರೂ ನೋಡಿದ್ದೇವೆ. ಅದು ಆ ಕತ್ತರಿಯ ಕೆಲಸ. ಹುಲಿಯಲ್ಲಿಯೂ ಇದೇ ಹಲ್ಲು, ಮುಂಗುಸಿಯಲ್ಲಿಯೂ ಇದೇ ಹಲ್ಲು. ಇಡೀ ಗಣಕ್ಕೆ ಇದು ಮನೆತನದ ಮುದ್ರೆ.

ಸುಮಾರು 4.5ರಿಂದ 5 ಕೋಟಿ ವರ್ಷಗಳ ಹಿಂದೆ ನಾಯಿಯ ಕವಲೂ ಬೆಕ್ಕಿನ ಕವಲೂ ಬೇರೆಯಾದವು. ನಾಯಿಯ ಕುಟುಂಬವಾದ ಕ್ಯಾನಿಡೀ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ಸುಮಾರು 4 ಕೋಟಿ ವರ್ಷಗಳ ಹಿಂದೆ. ಅಲ್ಲಿಯ ಹಳೆಯ ಪದರಗಳಲ್ಲಿ ಸಿಗುವ ಹೆಸ್ಪೆರೋಸಯಾನ್ ಎಂಬುದು ಗಿಡ್ಡ ಕಾಲಿನ, ಉದ್ದ ಮೈಯ ಪ್ರಾಣಿ. ಅದನ್ನು ಇಂದು ಯಾರಾದರೂ ಕಂಡರೆ ಮುಂಗುಸಿಯೆಂದಾರೇ ಹೊರತು ನಾಯಿಯೆನ್ನಲಾರರು. ಕಾಡು ತೆಳುವಾಗಿ ಹುಲ್ಲುಗಾವಲು ಹರಡಿದಂತೆ ಓಡಿ ಬೇಟೆಯಾಡುವವುಗಳಿಗೆ ಕಾಲ ಬಂತು. ಕಾಲುಗಳು ನೀಳವಾದವು, ಪಾದವೂರುವುದು ಹೋಗಿ ಬೆರಳ ಮೇಲೆ ನಡೆಯುವ ನಡೆ ಬಂತು. ನಾಯಿ ಹುಲ್ಲುಗಾವಲಿನ ಮಗು ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಈ ಕುಟುಂಬದಲ್ಲಿ ಮೂರು ಶಾಖೆಗಳಾದವು. ಎರಡು ಅಳಿದವು, ಇಂದು ಭೂಮಿಯ ಮೇಲಿರುವ ತೋಳ, ನರಿ, ಕೆನ್ನಾಯಿ ಎಲ್ಲವೂ ಮೂರನೆಯ ಶಾಖೆಯವು. ಅಳಿದ ಶಾಖೆಗಳಲ್ಲಿ ಬೋರೋಫೇಜಿನೇ ಎಂಬುದರ ಕಥೆ ಸ್ವಾರಸ್ಯವಾದದ್ದು. ಅದರ ಕೆಲವು ಪ್ರಾಣಿಗಳಲ್ಲಿ ಹಣೆ ಉಬ್ಬಿ, ದವಡೆ ದಪ್ಪವಾಗಿ, ಹಲ್ಲು ಎಲುಬನ್ನು ಪುಡಿಮಾಡುವಷ್ಟು ಬಲಿಷ್ಠವಾಯಿತು. ಎಂದರೆ, ನಾಯಿಯ ವಂಶದಲ್ಲಿ ಹುಟ್ಟಿ ಕತ್ತೆಕಿರುಬದ ವೇಷ ತೊಟ್ಟವು. ಅದೇ ಯುಗದಲ್ಲಿ ಕಡಲಾಚೆ, ಏಷ್ಯ ಯುರೋಪುಗಳಲ್ಲಿ, ಕಿರುಬದ ವಂಶದ ಹಲವು ಪ್ರಾಣಿಗಳು ನೀಳ ಕಾಲಿನಲ್ಲಿ ಓಡುತ್ತ ನಾಯಿಯ ವೇಷ ತೊಟ್ಟಿದ್ದವು. ರಂಗಭೂಮಿ ಎರಡು, ಪಾತ್ರಗಳು ಅವೇ, ನಟರು ಮಾತ್ರ ಅದಲುಬದಲು!

ಸುಮಾರು 70 ಲಕ್ಷ ವರ್ಷಗಳ ಹಿಂದೆ, ಇಂದಿನ ಬೇರಿಂಗ್ ಜಲಸಂಧಿ ನೆಲವಾಗಿದ್ದಾಗ, ಮೂರನೆಯ ಶಾಖೆಯ ಪ್ರಾಣಿಗಳು ಅಮೆರಿಕದಿಂದ ಏಷ್ಯಕ್ಕೆ ದಾಟಿದವು. ಹಳೆಯ ಜಗತ್ತಿನಲ್ಲಿ ನಾಯಿಯಂಥ ಕಿರುಬಗಳು ಕ್ರಮೇಣ ಕಣ್ಮರೆಯಾದವು. ಅವುಗಳ ಜಾಗದಲ್ಲಿ ನಿಜವಾದ ನಾಯಿಯ ಕುಲದವು ನಿಂತವು. ಮುಂದೆ ಪನಾಮಾ ಸಂಧಿಯ ನೆಲ ಮೇಲೆದ್ದಾಗ, ಸುಮಾರು 30 ಲಕ್ಷ ವರ್ಷಗಳ ಹಿಂದೆ, ಅದೇ ಕುಲ ದಕ್ಷಿಣ ಅಮೆರಿಕಕ್ಕೂ ಇಳಿಯಿತು. ಅತ್ತ ಒಂದು ಕಾಲಕ್ಕೆ ಹತ್ತಾರು ಬಗೆಯಾಗಿ ಹರಡಿದ್ದ ಕಿರುಬದ ಕುಟುಂಬದಲ್ಲಿ ಇಂದು ಉಳಿದಿರುವುವು ನಾಲ್ಕೇ ಪ್ರಭೇದಗಳು. ಭಾರತದಲ್ಲಿರುವುದು ಒಂದೇ, ನಮ್ಮ ಪಟ್ಟೆಯ ಕತ್ತೆಕಿರುಬ.

ವೇಷದ ಮೋಸ ಇಷ್ಟಕ್ಕೇ ಮುಗಿಯಲಿಲ್ಲ. ಟಾಸ್ಮೇನಿಯಾ ದ್ವೀಪದಲ್ಲಿ ತೋಳದಂತೆಯೇ ಬುರುಡೆಯುಳ್ಳ ಥೈಲಸೀನ್ ಎಂಬ ಬೇಟೆಯ ಪ್ರಾಣಿಯಿತ್ತು. ಅದು ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಬಳಗದ್ದು. ನಾಯಿಗಿಂತ ಕಾಂಗರೂವಿಗೇ ಹತ್ತಿರ. ಕುರಿ ಕೊಲ್ಲುತ್ತದೆಂದು ಅದರ ತಲೆಗೆ ಇನಾಮು ಕಟ್ಟಿದರು. ಕೊನೆಯದು 1936ರಲ್ಲಿ ಹೋಬಾರ್ಟಿನ ಮೃಗಾಲಯದಲ್ಲಿ ಸತ್ತಿತು. ಇತ್ತ 2015ರಲ್ಲಿ, ಆಫ್ರಿಕದ ಉತ್ತರ ಭಾಗದಲ್ಲಿ ಎಲ್ಲರೂ ನಮ್ಮ ನರಿಯದೇ ಪ್ರಭೇದವೆಂದು ನಂಬಿದ್ದ ಪ್ರಾಣಿ ನಿಜಕ್ಕೂ ತೋಳಕ್ಕೇ ಹೆಚ್ಚು ಹತ್ತಿರದ ಬೇರೊಂದು ಪ್ರಭೇದವೆಂದು ವಂಶವಾಹಿಗಳಿಂದ ತಿಳಿದುಬಂತು. ಬಹುಕಾಲ ಶಾಸ್ತ್ರ ಬಲ್ಲವರ ಕಣ್ಣುಗಳೂ ಮೋಸಹೋಗಿದ್ದವು.

ದಖ್ಖನ್ನಿನ ಮನೆತನ

ನಮ್ಮ ನೆಲದ ನಾಯಿಕುಲಕ್ಕೆ ಶಾಸ್ತ್ರೀಯ ಹೆಸರುಗಳನ್ನಿಡಲು ಹೊರಟವರಲ್ಲಿ ಮುಖ್ಯನಾದವನು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದ ಅಧಿಕಾರಿ ಕರ್ನಲ್ ಸೈಕ್ಸ್. ಆತ ದಖ್ಖನ್ನಿನಲ್ಲಿ ಸುತ್ತಾಡಿ, 1831ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಇಲ್ಲಿಯ ಸಸ್ತನಿಗಳ ಪಟ್ಟಿಯನ್ನಿಟ್ಟ. ಅದರಲ್ಲಿ ಬಯಲಿನ ತೋಳಕ್ಕೆ ಕ್ಯಾನಿಸ್ ಪ್ಯಾಲಿಪೀಸ್, ಎಂದರೆ ಬಿಳಿಚು ಪಾದದ ನಾಯಿ, ಎಂದು ಹೆಸರು. ಕೆನ್ನಾಯಿಗೆ ಕ್ಯಾನಿಸ್ ದಖನೆನ್ಸಿಸ್. ಸಣ್ಣ ನರಿಗೆ ಕ್ಯಾನಿಸ್ ಕೋಕ್ರೀ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ಶಾಸ್ತ್ರದ ಕಟ್ಟಳೆ. ಸಣ್ಣ ನರಿಗೆ 1800ರಲ್ಲಿಯೇ, ಕೆನ್ನಾಯಿಗೆ 1811ರಲ್ಲಿಯೇ ಬೇರೆಯವರು ಹೆಸರಿಟ್ಟಿದ್ದರು. ಆದ್ದರಿಂದ ಸೈಕ್ಸ್ ಇಟ್ಟ ಮೂರರಲ್ಲಿ ಎರಡು ಹಿಂದೆ ಸರಿದವು. ತೋಳದ ಹೆಸರು ಉಳಿಯಿತು, ಆದರೆ ಲೋಕದ ತೋಳಗಳೆಲ್ಲ ಒಂದೇ ಪ್ರಭೇದವೆಂದೂ ಇದು ಅದರ ಒಂದು ಉಪಪ್ರಭೇದವೆಂದೂ ಕೆಳಗಿನ ಸಾಲಿನಲ್ಲಿ ಕುಳಿತಿತು.

ಕೆನ್ನಾಯಿ ಕಾಡಿನ ನಾಯಿಯಲ್ಲ. ನಾಯಿ, ತೋಳ, ನರಿಗಳಿಗೆ 42 ಹಲ್ಲು. ಕೆಳದವಡೆಯ ಎರಡೂ ಪಕ್ಕದಲ್ಲಿ ಒಂದೊಂದು ದವಡೆಹಲ್ಲು ಕಡಿಮೆಯಾಗಿ ಕೆನ್ನಾಯಿಗೆ 40. 1838ರಲ್ಲಿ ಹಾಡ್ಜ್‌ಸನ್ ಇದನ್ನು ಕ್ಯುಯಾನ್ ಎಂಬ ಬೇರೆ ಜಾತಿಯಾಗಿಸಿದ. ಬೊಗಳುವುದಕ್ಕೆ ಬದಲು ಸಿಳ್ಳು ಹಾಕಿ ಹಿಂಡನ್ನು ಕೂಡಿಸುವ ಈ ಪ್ರಾಣಿಯ ಬಾಳನ್ನು 1970ರ ದಶಕದಲ್ಲಿ ಬಂಡೀಪುರದ ಕಾಡಿನಲ್ಲಿ ಕಾದು ಕುಳಿತು ಅಭ್ಯಾಸಮಾಡಿದವರು ಎ. ಜೆ. ಟಿ. ಜಾನ್‌ಸಿಂಗ್. ಅದಕ್ಕೆ ಮುಂಚೆ ಕೆನ್ನಾಯಿಯೆಂದರೆ ಜಿಂಕೆ ಹಾಳುಮಾಡುವ ಪೀಡೆಯೆಂದು ತಿಳಿದು, ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಕಾಲವೊಂದಿತ್ತು. ವಂಶ ತಿಳಿದು, ನಡತೆ ತಿಳಿದ ಮೇಲೆ ಪೀಡೆಯೆಂಬ ಹೆಸರು ಬಿಟ್ಟಿತು.

ತೋಳದ ವಿಷಯದಲ್ಲಿ ಹೊಸ ಬೆಳಕು ಬಿದ್ದದ್ದು ಈ ಶತಮಾನದಲ್ಲಿ. ವಂಶವಾಹಿಗಳ ಲಿಪಿಯನ್ನು ಓದುವ ವಿದ್ಯೆ ಬಂದ ಮೇಲೆ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿದ್ವಾಂಸರೂ ಇತರರೂ ಭಾರತದ ಬಯಲುತೋಳವನ್ನು ಲೋಕದ ಇತರ ತೋಳಗಳೊಡನೆ ಹೋಲಿಸಿ ನೋಡಿದರು. ಅದು ಬಹು ಹಿಂದೆಯೇ ಬೇರೆಯಾದ ಕವಲೆಂದು ಕಂಡುಬಂತು. ಇದನ್ನು ಪ್ರತ್ಯೇಕ ಪ್ರಭೇದವೆನ್ನಬೇಕೆಂದು ಕೆಲವರು ವಾದಿಸಿದರು. 2021ರಲ್ಲಿ ಪ್ರಕಟವಾದ ಇನ್ನೂ ಸಮಗ್ರವಾದ ಅಧ್ಯಯನವೂ ಬದುಕಿರುವ ತೋಳಗಳ ಅತ್ಯಂತ ಹಳೆಯ ಕವಲುಗಳಲ್ಲಿ ಇದು ಒಂದೆಂದು ಹೇಳಿತು. ಎಂದರೆ, ಸೈಬೀರಿಯ ಕೆನಡಾಗಳ ಹಿಮದಲ್ಲಿ ಅಲೆಯುವ ದೊಡ್ಡ ತೋಳಗಳು ತಮ್ಮ ಹಾದಿ ಹಿಡಿಯುವುದಕ್ಕೆ ಮೊದಲೇ ನಮ್ಮ ಬಯಲಿನ ಬಡಕಲು ತೋಳದ ವಂಶ ಬೇರೆಯಾಗಿ ನಿಂತಿತ್ತು. ಬಡವನ ಮನೆಯಲ್ಲಿ ಹಳೆಯ ತಾಮ್ರಶಾಸನ ಸಿಕ್ಕಂತಾಯಿತು.

ಹೆಸರಿನ ಪರಿಣಾಮವೇನೆಂಬುದು ಇಲ್ಲಿ ಕಾಣುತ್ತದೆ. ಲೋಕದ ತೋಳಗಳೆಲ್ಲ ಒಂದೇ ಲೆಕ್ಕದಲ್ಲಿದ್ದಾಗ, ಉತ್ತರದ ಹಿಮನಾಡುಗಳಲ್ಲಿ ಅವು ಸಾಕಷ್ಟಿರುವುದರಿಂದ, ತೋಳಕ್ಕೆ ಅಪಾಯವಿಲ್ಲವೆಂಬ ಮಾತೇ ಜಾಗತಿಕ ಪಟ್ಟಿಗಳಲ್ಲಿ ಬಹುಕಾಲ ನಡೆದುಬಂತು. ದಖ್ಖನ್ನಿನ ತೋಳದ ಕಷ್ಟ ಆ ಮೊತ್ತದಲ್ಲಿ ಮರೆಯಾಗಿತ್ತು. ಬೇರೆ ಕವಲೆಂದು ತಿಳಿದ ಮೇಲೆ ಲೆಕ್ಕವೇ ಬೇರೆ. ಇಲ್ಲಿ ಅಳಿದರೆ ಸೈಬೀರಿಯದಿಂದ ತಂದು ತುಂಬಲಾಗದು.

ನಂಟಸ್ತನದ ಅಪಾಯ

ನಮ್ಮ ಮನೆಯ ನಾಯಿ ಹುಟ್ಟಿದ್ದು ತೋಳದಿಂದಲೇ. ಇಂದು ಬದುಕಿರುವ ಯಾವ ತೋಳದ ಪೀಳಿಗೆಯಿಂದಲೂ ನೇರವಾಗಿ ಅಲ್ಲ. ಹಿಮಯುಗದಲ್ಲಿ ಇದ್ದು ಈಗ ಅಳಿದುಹೋದ ತೋಳಗಳಿಂದ, ಕಡಿಮೆಯೆಂದರೆ 14 ಸಾವಿರ ವರ್ಷಗಳಿಗೂ ಹಿಂದೆ. ಬಾಗಿಲಕೋಟೆ ಜಿಲ್ಲೆಯ ನೀಳಕಾಲಿನ ಮುಧೋಳದ ನಾಯಿಗೂ ಪೇಟೆಯ ಮಡಿಲ ನಾಯಿಗೂ ಮೂಲ ಒಂದೇ. ನಾಯಿಗೂ ತೋಳಕ್ಕೂ 78 ವರ್ಣತಂತುಗಳು. ಎರಡೂ ಕೂಡಿದರೆ ಮರಿಗಳಾಗುತ್ತವೆ, ಆ ಮರಿಗಳಿಗೂ ಸಂತಾನವಾಗುತ್ತದೆ. ಇಷ್ಟು ಹತ್ತಿರದ ನಂಟಸ್ತನವೇ ಇಂದು ತೋಳಕ್ಕೆ ಮುಳುವಾಗಿದೆ. ಊರು ಬೆಳೆದು ಬೀದಿನಾಯಿಗಳು ಬಯಲಿಗಿಳಿದಂತೆ, ಸಂಗಾತಿ ಸಿಗದ ತೋಳ ನಾಯಿಯೊಡನೆ ಕೂಡುತ್ತದೆ. ಪುಣೆಯ ಬಳಿ ಕಂಡ ತೋಳಗಳಲ್ಲಿ ಹೀಗೆ ನಾಯಿಯ ರಕ್ತ ಬೆರೆತಿರುವುದು 2023ರಲ್ಲಿ ವಂಶವಾಹಿಗಳಿಂದಲೇ ಖಚಿತವಾಯಿತು. ಹುಚ್ಚು, ನಾಯಿಗಳ ಡಿಸ್ಟೆಂಪರ್ ರೋಗ ಇವೂ ಹತ್ತಿರದ ನಂಟರಿಗೆ ಬೇಗ ಹಬ್ಬುತ್ತವೆ. ಆಳಂದದ ಗಡಿಯಾಚೆ, ಸೋಲಾಪುರದ ನಾನಜ್ ಹುಲ್ಲುಗಾವಲಿನಲ್ಲಿ ಸಣ್ಣ ನರಿಗಳನ್ನು ಅಭ್ಯಾಸಮಾಡಿದ ಅಬಿ ತಮೀಮ್ ವನಕ್ ಅವರು, ನಾಯಿಗಳು ಸುಳಿದಾಡುವ ತಾವನ್ನು ನರಿಗಳು ತೊರೆದು ದೂರ ಸರಿಯುವುದನ್ನು ಕಂಡರು. ನಾಯಿ ಕೊಲ್ಲಬೇಕೆಂದಿಲ್ಲ, ಬಂದು ನಿಂತರೇ ಸಾಕು.

ಕಡತದ ವಿಂಗಡಣೆ

ಇನ್ನುಳಿದದ್ದು ಒಂದು ವಿಂಗಡಣೆ, ಎಲ್ಲಕ್ಕಿಂತ ಬಲಶಾಲಿಯಾದದ್ದು. ಅದು ಪ್ರಾಣಿಗಳದಲ್ಲ, ನೆಲದ್ದು. ಉತ್ತ ನೆಲಕ್ಕೆ ಒಂದು ಹೆಸರು, ಅಡವಿಗೆ ಒಂದು ಹೆಸರು. ಈ ಎರಡೂ ಅಲ್ಲದ ಹುಲ್ಲು ಕುರುಚಲಿನ ನೆಲಕ್ಕೆ ನಮ್ಮ ಕಡತಗಳಲ್ಲಿರುವ ಹೆಸರು ಖರಾಬು, ಬಂಜರು, ಪಾಳು. ಕೇಂದ್ರ ಸರಕಾರ 2000ದಿಂದ ಪ್ರಕಟಿಸುತ್ತ ಬಂದ ಬಂಜರು ಭೂಮಿಗಳ ನಕಾಶೆಯಲ್ಲಿ ಕುರುಚಲು ನೆಲವೂ ಒಂದು ಬಗೆಯ ಬಂಜರು. ಇಲ್ಲಿಯೂ ನಡೆದದ್ದು ಲಿನೇಯಸ್ಸನ ಕಥೆಯೇ: ಮರವಿಲ್ಲದ್ದನ್ನು ಕಣ್ಣಿನಿಂದ ಕಂಡು, ಕಾಡು ಕಳೆದುಕೊಂಡ ನೆಲವೆಂದು ತೀರ್ಪು ಕೊಟ್ಟದ್ದು. ಆದರೆ ಹುಲ್ಲುಗಾವಲಿಗೆ ತನ್ನದೇ ಆದ ವಂಶ ಉಂಟು. ಅದು ಕೆಟ್ಟುಹೋದ ಕಾಡಲ್ಲ. ನಾಯಿಯ ಕುಲವೇ ಕಾಲು ನೀಳಮಾಡಿಕೊಂಡು ಓಡಲು ಕಲಿತದ್ದು ಅಂಥ ನೆಲದಲ್ಲಿ. ತೋಳ, ಸಣ್ಣ ನರಿ, ಕತ್ತೆಕಿರುಬ ಬಿಲ ತೋಡಿ ಮರಿಯಿಡುವುದೂ ಕುರಿಗಾಹಿ ಮಂದೆಯನ್ನು ಹೊಡೆದುಕೊಂಡು ಹೋಗುವುದೂ ಅದೇ ಗಾಯರಾಣದಲ್ಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಳವನ್ನು ಹುಲಿಯೊಡನೆ ಮೊದಲನೆಯ ಅನುಸೂಚಿಯಲ್ಲಿಟ್ಟಿದೆ. ತೋಳವನ್ನು ಕೊಲ್ಲುವುದು ಅಪರಾಧ. ಆದರೆ ಬಂಜರೆಂದು ಹೆಸರಾದ ಅದರ ಮನೆಯ ಮೇಲೆ ಗಣಿ ತೋಡುವುದೂ, ಹುಲ್ಲು ಕಿತ್ತು ಸಸಿ ನೆಡುವುದೂ ಅಪರಾಧವಲ್ಲ. ಕೆಲವು ವೇಳೆ ಅದು ಪುಣ್ಯಕಾರ್ಯವೆಂದೂ ಎನ್ನಿಸಿಕೊಳ್ಳುತ್ತದೆ. ನಿವಾಸಿಗೆ ಮೊದಲನೆಯ ದರ್ಜೆ, ನಿವಾಸಕ್ಕೆ ದರ್ಜೆಯೇ ಇಲ್ಲ!

ಆಶಾದಾಯಕವಾದ ಮಾತೂ ಇಲ್ಲದಿಲ್ಲ. ಇಂದಿನ ಜಾರ್ಖಂಡದ ಮಹುವಾಡಾಂಡ್‌ನಲ್ಲಿ 1976ರಲ್ಲಿಯೇ ತೋಳಗಳಿಗೆಂದು ಒಂದು ಧಾಮವಾಗಿತ್ತು. ಈ ದಶಕದಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, 332 ಹೆಕ್ಟೇರಿನಷ್ಟು ಗುಡ್ಡ ಕುರುಚಲಿನ ನೆಲವನ್ನು ಕರ್ನಾಟಕ ಸರಕಾರ ತೋಳಧಾಮವೆಂದು ಘೋಷಿಸಿತು. 2025ರಲ್ಲಿ ಅಲ್ಲಿ ಮರಿಗಳು ಹುಟ್ಟಿದ ಸುದ್ದಿಯೂ ಬಂತು. ಕಲಬುರಗಿ ಜಿಲ್ಲೆಯಲ್ಲಿಯೇ 2011ರಲ್ಲಿ ಆದ ಚಿಂಚೋಳಿಯ ವನ್ಯಧಾಮದಲ್ಲಿ ತೋಳಕ್ಕೂ ಕತ್ತೆಕಿರುಬಕ್ಕೂ ಎಡೆಯಿದೆ. ಆದರೆ ತೋಳ ಒಂದು ಬೇಲಿಯೊಳಗೆ ಬಾಳುವ ಪ್ರಾಣಿಯಲ್ಲ. ಅದರ ನಡೆದಾಟ ಊರಿಂದೂರಿಗೆ, ಹೊಲದ ಬದುವಿನಿಂದ ಗುಡ್ಡದ ಓರೆಗೆ. ಧಾಮಗಳ ನಡುವಿನ ಹುಲ್ಲುನೆಲ ಉಳಿಯದಿದ್ದರೆ ಧಾಮಗಳು ದ್ವೀಪಗಳಾಗುತ್ತವೆ. ಆ ನಡುವಿನ ನೆಲವನ್ನು ಇಂದಿಗೂ ಬಳಸುತ್ತ, ತೋಳಕ್ಕೆ ಒಂದು ಕುರಿ ತೆತ್ತು ತೋಳದೊಡನೆ ಬಾಳುತ್ತ ಬಂದವರು ಕುರಿಗಾಹಿಗಳು. ಹೋದ ಕುರಿಗೆ ತಕ್ಕ ಪರಿಹಾರ ಕೈಗೆ ಬೇಗ ಬಂದರೆ ವಿಷದ ಯೋಚನೆ ತಾನಾಗಿ ದೂರವಾಗುತ್ತದೆ. ಅವರಿಗೆ ಮೇವಿನ ನೆಲ ಉಳಿದರೆ ತೋಳಕ್ಕೂ ನೆಲ ಉಳಿಯುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ವರ್ಗೀಕರಣವೆಂದರೆ ಪರೀಕ್ಷೆಗಾಗಿ ಉರುಹೊಡೆಯುವ ಲ್ಯಾಟಿನ್ ಹೆಸರುಗಳ ಸರಮಾಲೆಯಲ್ಲ. ಅದು ಸಂಬಂಧಗಳನ್ನು ವಿಚಾರಿಸುವ ವಿದ್ಯೆ. ಲಿನೇಯಸ್ಸಿನ ಪಂಕ್ತಿಯಿಂದ ಕತ್ತೆಕಿರುಬವನ್ನು ಎಬ್ಬಿಸಿ ಅದರ ಸರಿಯಾದ ಮನೆಯಲ್ಲಿ ಕೂರಿಸುವುದಕ್ಕೆ ನೂರು ವರ್ಷಕ್ಕೂ ಮಿಕ್ಕ ಪರಿಶ್ರಮ ಬೇಕಾಯಿತು. ಆ ತಡದಿಂದ ಕತ್ತೆಕಿರುಬಕ್ಕೆ ನಷ್ಟವೇನೂ ಆಗಲಿಲ್ಲ. ಬಂಜರೆಂಬ ಪಟ್ಟಿಯಿಂದ ಹುಲ್ಲುಗಾವಲನ್ನು ಬಿಡಿಸುವುದಕ್ಕೆ ಅಷ್ಟು ಕಾಲ ಸಾವಕಾಶವಿಲ್ಲ. ಆ ಹೆಸರನ್ನು ತಿದ್ದುವ ಲೇಖನಿ ಕಡಗಂಚಿಯಂಥ ಊರುಗಳಲ್ಲಿ ಇಂದು ಓದುತ್ತಿರುವವರ ಕೈಗೇ ನಾಳೆ ಬರುತ್ತದೆ. ತಿದ್ದುವ ಮುನ್ನ ಅವರು ಒಂದು ಸಂಜೆ ಆ ನೆಲದ ಮೇಲೆ ನಡೆದು, ಅಲ್ಲಿ ಯಾರ ಯಾರ ಹೆಜ್ಜೆಗಳಿವೆಯೆಂದು ನೋಡಿ ಬರಲಿ.